ಘಟ್ಟದ ಕಾಲೇಜುಗಳು, ಧಾರವಾಡದ ವಿಶ್ವವಿದ್ಯಾಲಯ

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂತು. ಆಗ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಪದವಿ ಕಾಲೇಜು ಇರಲಿಲ್ಲ. ಮುಂದೆ ಊರವರೇ ಶಿಕ್ಷಣ ಸಂಸ್ಥೆ ಕಟ್ಟಿದರು. ಶಿರಸಿಯ ಎಂ.ಎಂ. ಕಾಲೇಜು, ಸಿದ್ದಾಪುರದ ಮಹಾತ್ಮಾ ಗಾಂಧಿ ಶತಾಬ್ದಿ ಕಾಲೇಜು ಹಾಗೆ ಬಂದವು.

ಅಲ್ಲಿ ಕಲಿಸಲು ಬಂದವರಿಗೆ ಸಂಬಳ ಸರ್ಕಾರದ ಅನುದಾನದಿಂದ ಸಿಕ್ಕಿತು. ವಿಶ್ವವಿದ್ಯಾಲಯದಿಂದ ಹೆಚ್ಚಾಗಿ ಸಿಕ್ಕಿದ್ದು ಪಠ್ಯಕ್ರಮ, ಪರೀಕ್ಷೆ, ಮೌಲ್ಯಮಾಪನದ ಕೆಲಸ. ಒಳ್ಳೆಯ ಗ್ರಂಥಾಲಯ ನೂರು ಕಿಲೋಮೀಟರಿನಷ್ಟು ದೂರದಲ್ಲಿತ್ತು.

1985ರಲ್ಲಿ ಶಿರಸಿಗೆ ಅರಣ್ಯ ಕಾಲೇಜು ಬಂತು. ಅದು ಕೃಷಿ ವಿಶ್ವವಿದ್ಯಾಲಯದ ಸ್ವಂತ ಕಾಲೇಜು. ಅಲ್ಲಿ ಸಂಶೋಧನೆಯೂ ಅಧ್ಯಾಪಕರ ಕೆಲಸದ ಭಾಗ. ಸಂಯೋಜಿತ ಕಾಲೇಜಿನವರಿಗೆ ಆ ಅನುಕೂಲ ಕಡಿಮೆ. 1987ರಿಂದ ಯುಜಿಸಿ ನಡೆಸಿದ ಪುನಶ್ಚೇತನ ಶಿಬಿರಗಳು, ಪಿಎಚ್.ಡಿ.ಗಾಗಿ ಸಿಗುತ್ತಿದ್ದ ರಜೆ ಅನೇಕರನ್ನು ಮತ್ತೆ ಓದಿಗೆ ಹಚ್ಚಿದವು, ನಿಜ. ಆದರೆ ಅವು ಹೆಚ್ಚಾಗಿ ಕಾಯಂ ಅಧ್ಯಾಪಕರಿಗೆ.

ಇಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ತರಗತಿಗಳು ಬಹುಪಾಲು ಅತಿಥಿ ಉಪನ್ಯಾಸಕರ ಮೇಲೆ ನಿಂತಿವೆ. 2022ರ ಜನವರಿಯಲ್ಲಿ ಅವರ ಗೌರವಧನ ಹನ್ನೊಂದು-ಹದಿಮೂರು ಸಾವಿರದಿಂದ 26ರಿಂದ 32 ಸಾವಿರ ರೂಪಾಯಿಗೆ ಏರಿತು. ವಾರದ ಪಾಠ 15 ತಾಸಾಯಿತು. ಒಬ್ಬೊಬ್ಬರ ಪಾಠದ ತಾಸು ಹೆಚ್ಚಾದಾಗ ಕೆಲವರು ಕೆಲಸವನ್ನೇ ಕಳೆದುಕೊಂಡರು. 2023ರ ಕೊನೆಗೆ ಸೇವಾ ಭದ್ರತೆಗಾಗಿ ಮತ್ತೆ ಮುಷ್ಕರ ಹೂಡಬೇಕಾಯಿತು. ಹತ್ತು-ಹದಿನೈದು ವರ್ಷ ಪಾಠ ಮಾಡಿದವರು ಕೂಡ ಬರುವ ವರ್ಷದ ಪಟ್ಟಿಗೆ ಕಾಯುತ್ತ ಕೂರುವುದು ನನಗೆ ತೀರ ನೋವಿನ ಸಂಗತಿ.

ಸಂಬಳ, ನೇಮಕಾತಿ ವಿಶ್ವವಿದ್ಯಾಲಯದ ಕೈಯಲ್ಲಿಲ್ಲ, ಒಪ್ಪೋಣ. ಆದರೆ ಅದರ ಕೈಯಲ್ಲಿರುವುದೂ ಬಹಳವಿದೆ; ಇಲ್ಲಿನ ಅಧ್ಯಾಪಕರ ಸಂಶೋಧನೆಗೆ ನೆರವಾಗುವುದು ಅದರಲ್ಲೊಂದು. ಕದಂಬರ ಬನವಾಸಿ ಶಿರಸಿ ತಾಲ್ಲೂಕಿನಲ್ಲೇ ಇದೆ. ಸೋಂದೆಯ ಅರಸರ ನೆಲವೂ ಇದೇ. ಸೊಪ್ಪಿನ ಬೆಟ್ಟ, ಅಡಿಕೆ ತೋಟ, ಯಕ್ಷಗಾನ, ಸಿದ್ದಿ ಜನರ ಬದುಕು, ಒಂದೊಂದೂ ಒಬ್ಬ ಅಧ್ಯಾಪಕರ ಆಯುಷ್ಯದ ಅಧ್ಯಯನಕ್ಕೆ ಸಾಕು. ಶಾಸನ ಓದಬಲ್ಲ, ಊರ ಮಾತು ಬಲ್ಲ ಉಪನ್ಯಾಸಕರು ಇಲ್ಲೇ ಇದ್ದಾರೆ. ಅವರಿಗೆ ಬೇಕಾದದ್ದು ಧಾರವಾಡದ ಗ್ರಂಥಾಲಯವನ್ನು ಮನೆಯಿಂದ ತೆರೆಯುವ ಪಾಸ್‌ವರ್ಡು, ಮಾರ್ಗದರ್ಶಕರೊಬ್ಬರು, ಓಡಾಟದ ಖರ್ಚಿಗೆ ಸಣ್ಣ ಅನುದಾನ.

ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತಿನ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ: ಕಾಯಂ, ಅತಿಥಿ ಎಂದು ನೋಡದೆ, ನಿಮ್ಮ ಪದವಿಗೆ ಪಾಠ ಮಾಡುವ ಪ್ರತಿಯೊಬ್ಬರಿಗೂ ಈ ಮೂರನ್ನು ಕೊಡಿ. ಮುಂದಿನ ಸಭೆಯಲ್ಲೇ ಈ ಮಾತನ್ನು ಎತ್ತಿ.