ಶಸ್ತ್ರಕ್ರಿಯೆಯ ಮೇಜಿನ ಮೇಲಿನ ಚಳಿ



ಕರುಳಿನ ಕ್ಯಾನ್ಸರಿನ ಶಸ್ತ್ರಕ್ರಿಯೆಯೆಂದರೆ ನಮ್ಮ ಚಿಂತೆಯೆಲ್ಲ ಗೆಡ್ಡೆಯದೇ. ರೋಗಿಯ ಮೈ ತಣ್ಣಗಾಗುವುದನ್ನು ಕೇಳುವವರು ಕಡಿಮೆ. ಅರಿವಳಿಕೆ ಕೊಟ್ಟೊಡನೆ ರಕ್ತನಾಳಗಳು ಹಿಗ್ಗಿ ಒಡಲಿನ ಶಾಖ ಕೈಕಾಲುಗಳಿಗೆ ಹರಿಯುತ್ತದೆ. ತೆರೆದ ಹೊಟ್ಟೆಯಿಂದಲೂ ಶಾಖ ಸೋರುತ್ತದೆ.

ಆಂಡ್ರಿಯಾ ಕುರ್ಟ್ಸ್ ಮತ್ತು ಸಂಗಡಿಗರು 1996ರಲ್ಲಿ ದೊಡ್ಡ ಕರುಳಿನ ಶಸ್ತ್ರಕ್ರಿಯೆಯಾದ 200 ರೋಗಿಗಳ ಅಧ್ಯಯನ ಪ್ರಕಟಿಸಿದರು. ಸರಾಸರಿ 34.7 ಡಿಗ್ರಿಗೆ ಇಳಿದವರಲ್ಲಿ ಶೇ. 19 ಮಂದಿಯ ಗಾಯಕ್ಕೆ ಸೋಂಕು ತಗಲಿತು; 36.6ರಲ್ಲಿ ಬೆಚ್ಚಗಿದ್ದವರಲ್ಲಿ ಶೇ. 6 ಮಾತ್ರ. ಚಳಿಗೆ ನಾಳಗಳು ಕುಗ್ಗಿದರೆ ಗಾಯಕ್ಕೆ ಆಮ್ಲಜನಕ ಸಾಲದು.

2022ರಲ್ಲಿ, 5,000ಕ್ಕೂ ಹೆಚ್ಚು ರೋಗಿಗಳ ವಿವಿಧ ದೊಡ್ಡ ಶಸ್ತ್ರಕ್ರಿಯೆಗಳ ಅಧ್ಯಯನದಲ್ಲಿ, 35.5ಕ್ಕೂ 37ಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಸ್ವಲ್ಪ ಇಳಿದರೆ ಗಾಬರಿ ಬೇಡ. 34ರತ್ತ ಜಾರಲು ಮಾತ್ರ ಬಿಡಬಾರದು. ನಿಮ್ಮವರನ್ನು ಒಳಗೆ ಕರೆದೊಯ್ಯುವಾಗ "ಬಿಸಿಗಾಳಿಯ ಹೊದಿಕೆ ಇದೆಯೇ?" ಎಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳಿರಿ.