ಡಿ ಮಾಯ್ನ್‌ನ ಎರಡು ಭಾಷಣಗಳು

ಅಮೆರಿಕದ ನಡುಭಾಗದ ಅಯೋವಾ ರಾಜ್ಯ ಮೆಕ್ಕೆಜೋಳಕ್ಕೆ ಹೆಸರಾದ ಸೀಮೆ. ಅದರ ರಾಜಧಾನಿ ಡಿ ಮಾಯ್ನ್‌ನಲ್ಲಿ ಇಪ್ಪತ್ತೆಂಟು ವರ್ಷಗಳ ಅಂತರದಲ್ಲಿ ಎರಡು ಭಾಷಣಗಳು ನಡೆದವು. ಒಂದರಲ್ಲಿ ಯೆಹೂದಿಗಳ ಹೆಸರು ನೇರವಾಗಿಯೇ ಬಂತು. ಇನ್ನೊಂದರಲ್ಲಿ ಬರಲಿಲ್ಲ. ಪತ್ರಿಕೆ, ರೇಡಿಯೋ, ಟಿವಿಗಳ ಮೇಲೆ ಅಲ್ಲಿನ ಸಾಮಾನ್ಯನಿಗಿರುವ ಸಿಟ್ಟು ಯಾವ ದಾರಿ ಹಿಡಿಯಿತು ಎಂದು ತಿಳಿಯಬೇಕಾದರೆ ಎರಡನ್ನೂ ಒಟ್ಟಿಗೆ ನೋಡಬೇಕು.

ಮೊದಲನೆಯದು 1941ರ ಸೆಪ್ಟೆಂಬರ್ 11ರಂದು. ಮಾತನಾಡಿದವರು ಚಾರ್ಲ್ಸ್ ಲಿಂಡ್‌ಬರ್ಗ್. 1927ರಲ್ಲಿ ಒಬ್ಬರೇ, ಎಲ್ಲಿಯೂ ಇಳಿಯದೆ, ಅಟ್ಲಾಂಟಿಕ್ ಮೇಲೆ ವಿಮಾನ ಹಾರಿಸಿ ದೇಶದ ಕಣ್ಮಣಿಯಾದವರು. ಅಮೆರಿಕವನ್ನು ಯುದ್ಧಕ್ಕೆ ನೂಕುತ್ತಿರುವವರು ಬ್ರಿಟಿಷರು, ಯೆಹೂದಿಗಳು ಮತ್ತು ರೂಸ್‌ವೆಲ್ಟ್ ಸರ್ಕಾರ ಎಂದರು. ಸಿನಿಮಾ, ಪತ್ರಿಕೆ, ರೇಡಿಯೋಗಳಲ್ಲಿ ಯೆಹೂದಿಗಳಿಗಿರುವ ಒಡೆತನ, ಪ್ರಭಾವಗಳೇ ಅಪಾಯ ಎಂದೂ ಸೇರಿಸಿದರು. ಪತ್ರಿಕೆಗಳು ತಿರುಗಿಬಿದ್ದವು. ಅವರ ಕೀರ್ತಿ ಮತ್ತೆ ಮೊದಲಿನಂತಾಗಲಿಲ್ಲ.

ಆ ಮಾತು ಅವರು ಕಂಡುಹಿಡಿದದ್ದೇನಲ್ಲ. ಮೋಟಾರು ದೊರೆ ಹೆನ್ರಿ ಫೋರ್ಡ್ 1920ರಿಂದಲೇ ತಮ್ಮ ವಾರಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸಿ, ಕಾರು ಮಾರುವ ಅಂಗಡಿಗಳ ಮೂಲಕ ಹಂಚಿಸಿದ್ದರು. ವಿಚಿತ್ರ ನೋಡಿ: ರೈತನ ಪರವಾಗಿ ಹಣವಂತರನ್ನು ಬೈಯುತ್ತಿದ್ದವರು ಸ್ವತಃ ದೇಶದ ಮಹಾ ಶ್ರೀಮಂತರಲ್ಲೊಬ್ಬರು! ಕೋರ್ಟು ಕಟ್ಟೆ ಹತ್ತಿದ ಮೇಲೆ 1927ರಲ್ಲಿ ಕ್ಷಮೆ ಕೇಳಿದರು. ಮಿಷಿಗನ್‌ನ ರೇಡಿಯೋ ಪಾದ್ರಿ ಚಾರ್ಲ್ಸ್ ಕಾಗ್ಲಿನ್ ಹಾದಿಯೂ ಅದೇ. 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಜನರ ಸಂಕಟ ನಿಜವಾದದ್ದು. ಕಾಗ್ಲಿನ್ ಬ್ಯಾಂಕುಗಳನ್ನು ಬೈಯಲು ಶುರುಮಾಡಿ ಯೆಹೂದಿಗಳನ್ನು ಬೈಯುವಲ್ಲಿಗೆ ಬಂದು ನಿಂತರು.

ಹಾಗಾದರೆ ಒಡೆತನದ ಮಾತು ಪೂರ್ತಿ ಸುಳ್ಳೇ? ಅಲ್ಲ. ನ್ಯೂಯಾರ್ಕ್ ಟೈಮ್ಸನ್ನು 1896ರಲ್ಲಿ ಕೊಂಡ ಅಡಾಲ್ಫ್ ಆಕ್ಸ್ ಯೆಹೂದಿ. ರೇಡಿಯೋ, ಟಿವಿ ಜಾಲಗಳನ್ನು ಕಟ್ಟಿದ ಡೇವಿಡ್ ಸಾರ್ನಾಫ್, ವಿಲಿಯಂ ಪೇಲಿ ಕೂಡ ಯೆಹೂದಿಗಳೇ. ದೊಡ್ಡ ಬ್ಯಾಂಕು, ಉಕ್ಕಿನ ಕಂಪನಿಗಳ ಮೇಲಿನ ಹುದ್ದೆಗಳು ಬಹುಮಟ್ಟಿಗೆ ಮುಚ್ಚಿದ್ದ ಕಾಲದಲ್ಲಿ ಇವು ಬಾಗಿಲು ತೆರೆದಿದ್ದ ಹೊಸ ಉದ್ಯಮಗಳು. ಆದರೆ ಹರ್ಸ್ಟ್, ಮೆಕಾರ್ಮಿಕ್, ಟೈಮ್ ಪತ್ರಿಕೆಯ ಹೆನ್ರಿ ಲೂಸ್ ಇವರ ಧರ್ಮವನ್ನು ಯಾರೂ ಲೆಕ್ಕ ಹಾಕಲಿಲ್ಲ. ಇನ್ನು ಆ ಒಡೆತನದಿಂದ ಆದದ್ದೇನು? ಯುರೋಪಿನಲ್ಲಿ ಯೆಹೂದಿಗಳ ಮಾರಣಹೋಮ ನಡೆಯುತ್ತಿದ್ದಾಗ ನ್ಯೂಯಾರ್ಕ್ ಟೈಮ್ಸ್ ಆ ಸುದ್ದಿಯನ್ನು ಹೆಚ್ಚಾಗಿ ಒಳಪುಟಗಳಲ್ಲೇ ಹಾಕಿತು. ಆಕ್ಸ್ ಅವರ ಅಳಿಯ, ಆಗಿನ ಪ್ರಕಾಶಕ ಸಲ್ಜ್‌ಬರ್ಗರ್ ಅವರಿಗೆ ತಮ್ಮದು ಯೆಹೂದಿ ಪತ್ರಿಕೆ ಎನಿಸಿಕೊಳ್ಳುವುದು ಬೇಡವಾಗಿತ್ತು. ಅಪವಾದದ ಅಂಜಿಕೆ ಎಷ್ಟು ಬಲವಾಗಿತ್ತೆಂದರೆ, ತಮ್ಮವರ ಸಾವೇ ಸಣ್ಣ ಸುದ್ದಿಯಾಯಿತು.

ಎರಡನೆಯ ಭಾಷಣ 1969ರ ನವೆಂಬರ್ 13ರಂದು. ಮಾತನಾಡಿದವರು ಉಪಾಧ್ಯಕ್ಷ ಸ್ಪಿರೊ ಆಗ್ನ್ಯೂ. ವಿಯೆಟ್ನಾಂ ಬಗ್ಗೆ ನಿಕ್ಸನ್ ಮಾಡಿದ ಭಾಷಣವನ್ನು ಟಿವಿ ವ್ಯಾಖ್ಯಾನಕಾರರು ಕೂಡಲೇ ಟೀಕಿಸಿದ್ದರು. ಯಾರೂ ಆರಿಸದ ಬೆರಳೆಣಿಕೆಯ ಜನ ನ್ಯೂಯಾರ್ಕ್, ವಾಷಿಂಗ್ಟನ್‌ಗಳಲ್ಲಿ ಕುಳಿತು ದೇಶವೆಲ್ಲ ಏನು ನೋಡಬೇಕೆಂದು ನಿರ್ಧರಿಸುತ್ತಾರೆ ಎಂಬುದು ಆಗ್ನ್ಯೂ ದೂರು. ದೂರಿನಲ್ಲಿ ಹುರುಳಿತ್ತು. ಆಗ ಇದ್ದದ್ದು ಮೂರೇ ದೊಡ್ಡ ಜಾಲಗಳು. ಕಾರ್ಖಾನೆಯ ಕೆಲಸಗಾರನ ಬದುಕಿಗೂ ಆ ಸ್ಟುಡಿಯೋಗಳಿಗೂ ದೂರ ಬಹಳ. ಅಂದು ಆಗ್ನ್ಯೂ ಯೆಹೂದಿಗಳ ಹೆಸರೆತ್ತಲಿಲ್ಲ. ತೆರಿಗೆ ವಂಚನೆ ಪ್ರಕರಣದಲ್ಲಿ 1973ರಲ್ಲಿ ರಾಜೀನಾಮೆ ಕೊಟ್ಟ ಮೇಲೆ, 1976ರಲ್ಲಿ, ಮಾಧ್ಯಮದ ಮೇಲೆ ಜಿಯೋನಿಸ್ಟರ ಹಿಡಿತವಿದೆ ಎಂದು ಟಿವಿಯಲ್ಲೇ ಹೇಳಿದರು.

ಅವರ ಯಜಮಾನರು ಅಷ್ಟು ಕಾಯಲಿಲ್ಲ, ಆದರೆ ಆಡಿದ್ದು ಮುಚ್ಚಿದ ಕೋಣೆಯಲ್ಲಿ. ಮಾಧ್ಯಮದ ಮೇಲಿನ ಯೆಹೂದಿ ಹಿಡಿತದ ಬಗ್ಗೆ 1972ರಲ್ಲಿ ನಿಕ್ಸನ್ ಮತ್ತು ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ನಡೆಸಿದ ಮಾತುಕತೆಯ ಧ್ವನಿಮುದ್ರಿಕೆ 2002ರಲ್ಲಿ ಹೊರಬಂದಾಗ ಗ್ರಹಾಂ ಕ್ಷಮೆ ಯಾಚಿಸಿದರು. ಅದಕ್ಕೂ ಮೊದಲು, 1971ರಲ್ಲಿ, ನಿರುದ್ಯೋಗದ ಅಂಕಿಗಳನ್ನು ಅಧಿಕಾರಿಯೊಬ್ಬರು ತಮಗೆ ಹಿತವಾಗುವಂತೆ ವಿವರಿಸಲಿಲ್ಲವೆಂದು ಸಿಟ್ಟಾದ ನಿಕ್ಸನ್, ಕಾರ್ಮಿಕ ಅಂಕಿಅಂಶ ಇಲಾಖೆಯಲ್ಲಿ ಎಷ್ಟು ಯೆಹೂದಿಗಳಿದ್ದಾರೆಂದು ಎಣಿಸಿ ಹೇಳುವಂತೆ ಆಜ್ಞಾಪಿಸಿದ್ದರು. ಸಹಾಯಕ ಫ್ರೆಡ್ ಮಲೆಕ್ ಹೆಸರುಗಳನ್ನು ನೋಡಿ ಊಹಿಸಿ, 35 ಮಂದಿಯಲ್ಲಿ 13 ಎಂದು ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ ಇಬ್ಬರು ಯೆಹೂದಿ ಅಧಿಕಾರಿಗಳನ್ನು ಅವರ ಸ್ಥಾನದಿಂದ ಬದಲಿಸಲಾಯಿತು.