ತಪ್ಪು ಉತ್ತರದ ಒಳಗೆ

52ರಲ್ಲಿ 38 ಕಳೆದರೆ ಎಷ್ಟು? ಎಷ್ಟೋ ಮಕ್ಕಳು 26 ಎಂದು ಬರೆಯುತ್ತಾರೆ. ಕೆಂಪು ಶಾಯಿ ಬೀಳುತ್ತದೆ. ಲೆಕ್ಕವೆಂದರೆ ಹೊಟ್ಟೆ ತೊಳಸುವುದು ಅಲ್ಲಿಂದಲೇ ಶುರು. ಆದರೆ ಆ 26 ಕಣ್ಣುಮುಚ್ಚಿ ಬರೆದದ್ದಲ್ಲ. ಎರಡರಲ್ಲಿ ಎಂಟು ಹೋಗದು, ಹಾಗಾಗಿ ಮಗು ಎಂಟರಲ್ಲಿ ಎರಡು ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಕಲಿಸಿದವರು ನಾವೇ ಅಲ್ಲವೇ! ‘ಹೇಗೆ ಮಾಡಿದೆ, ಹೇಳು ಮರಿ’ ಎಂದರೆ ಸಾಕು, ಅದು ಹೇಳುತ್ತದೆ.

ದೊರೆ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಹಣ್ಣು, ಮುತ್ತು, ಆನೆಗಳನ್ನೇ ಲೆಕ್ಕಕ್ಕೆ ತಂದರು. ಈ 52ರ ಲೆಕ್ಕಕ್ಕೆ ನಮಗೆ ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಸಾಕು. ಅಂಗಡಿ ಆಟ ಆಡಿಸಿ. ಒಂದು ನೋಟಿಗೆ ಚಿಲ್ಲರೆ ಮಾಡಿಸದೆ 38 ಕೊಡಲಾಗದೆಂದು ಮಗುವಿಗೇ ಹೊಳೆಯುತ್ತದೆ. ಉಳಿದ 14 ರೂಪಾಯಿಯನ್ನು ಅದೇ ನಿಧಾನವಾಗಿ ಎಣಿಸಿಕೊಳ್ಳಲಿ. ಗಡಿಯಾರ ನೋಡಿ ಅವಸರಪಡಿಸುವುದು ಮಾತ್ರ ಬೇಡ.